ಯಂತ್ರ ಬಲ್ಲದೆಂದು ಮನುಷ್ಯನು ಕಲಿಯುವುದನ್ನು ಬಿಡಬಹುದೇ?



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಅನೇಕ ಮನೆಗಳಿಂದ ಒಬ್ಬ ಮಗನೋ ಮಗಳೋ ಇಂದು ಬೆಂಗಳೂರಿಗೆ ಹೋಗಿ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುತ್ತಿರುತ್ತಾರೆ. ತೋಟದ ಕೂಲಿಯನ್ನೋ ಸಣ್ಣ ಅಂಗಡಿಯ ಲಾಭವನ್ನೋ ಕೂಡಿಟ್ಟು, ಸಾಲದಾಗ ತಾಯಿಯ ಬಳೆಗಳನ್ನು ಅಡವಿಟ್ಟು ಅವರನ್ನು ಓದಿಸಿದವರು ನಮ್ಮಲ್ಲಿ ಕಡಿಮೆಯಿಲ್ಲ. ಆ ಹೆತ್ತವರ ಮನಸ್ಸಿನಲ್ಲಿ ಇಂದು ಒಂದು ಭಯ ಹೊಕ್ಕಿದೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಎಂಬ ಕೃತಕ ಬುದ್ಧಿಯ ಯಂತ್ರವು ಸಾರ್ವಜನಿಕರ ಕೈಗೆ ಬಂದಿತು. ಕೇಳಿದ ಪ್ರೋಗ್ರಾಮನ್ನು ಕ್ಷಣಾರ್ಧದಲ್ಲಿ ಬರೆದುಕೊಡುವ ಇಂತಹ ಯಂತ್ರಗಳು ಇಂದು ಸಾಫ್ಟ್‌ವೇರ್ ಕಚೇರಿಗಳಲ್ಲಿ ಸರ್ವೇಸಾಮಾನ್ಯವಾಗಿವೆ. 2025ರ ಜುಲೈಯಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ತನ್ನ ಸಿಬ್ಬಂದಿಯಲ್ಲಿ ಶೇಕಡಾ 2ರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಇದಕ್ಕೆ ಕೃತಕ ಬುದ್ಧಿ ಕಾರಣವಲ್ಲ, ಕೆಲಸಕ್ಕೆ ಹೊಂದುವ ಕೌಶಲದ ಕೊರತೆ ಕಾರಣ ಎಂದು ಕಂಪೆನಿ ಹೇಳಿತು. ಆದರೂ ಮನೆಮನೆಗಳಲ್ಲಿ ಪ್ರಶ್ನೆ ಎದ್ದಿತು: ಯಂತ್ರವೇ ಬಲ್ಲದ್ದನ್ನು ನಮ್ಮ ಮಕ್ಕಳು ಕಷ್ಟಪಟ್ಟು ಏಕೆ ಕಲಿಯಬೇಕು?

ಇದೇ ಕಾಲದಲ್ಲಿ ಇದಕ್ಕೆ ವಿರುದ್ಧವೆಂಬಂತೆ ಕಾಣುವ ಇನ್ನೊಂದು ಸಂಗತಿಯೂ ನಡೆಯುತ್ತಿದೆ. ಯುರೋಪ್, ಅಮೆರಿಕಗಳಲ್ಲಿ ಸಾವಿರಾರು ಜನರು ಬಿಡುವಿನ ವೇಳೆಯಲ್ಲಿ ಆರುನೂರು ವರ್ಷಗಳ ಹಿಂದಿನ ಕತ್ತಿವರಸೆಯನ್ನು ಹಳೆಯ ಹಸ್ತಪ್ರತಿಗಳಿಂದ ಹೆಕ್ಕಿ, ಮೊಂಡು ಕತ್ತಿಗಳನ್ನು ಹಿಡಿದು ಅಭ್ಯಾಸ ಮಾಡುತ್ತಿದ್ದಾರೆ. ಹಗಲೆಲ್ಲ ಕಂಪ್ಯೂಟರಿನಲ್ಲಿ ದುಡಿಯುವವರೂ ಅವರಲ್ಲಿದ್ದಾರೆ. ಬಂದೂಕಿನ ಮುಂದೆ ಕತ್ತಿ ಸೋತು ಶತಮಾನಗಳೇ ಕಳೆದಿರುವಾಗ ಇದೇನು ಹುಚ್ಚು ಎಂದು ನಾವು ನಗಬಹುದು. ಆದರೆ ಯೋಚಿಸಿ ನೋಡಿದರೆ ಎರಡೂ ಒಂದೇ ಪ್ರಶ್ನೆಯಾಗಿದೆ. ಮನುಷ್ಯನ ವಿದ್ಯೆಯನ್ನು ಒಂದು ಉಪಕರಣವು ಮೀರಿಸಿದ ಮೇಲೆ ಆ ವಿದ್ಯೆಗೆ ಬೆಲೆಯಿದೆಯೇ? ಸತ್ಯವಿಶ್ವಾಸಿಗಳಾದ ನಾವು ಈ ಪ್ರಶ್ನೆಯನ್ನು ಹೇಗೆ ಎದುರಿಸಬೇಕು?

ಕತ್ತಿ ಮತ್ತು ಮದ್ದು

ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಹತ್ತಿದವರು ಅಲ್ಲಿ ಕಲ್ಲು ಕಟ್ಟಿದ ಗುಂಡಿಯೊಳಗಿನ ಭಾರೀ ಬೀಸುವ ಕಲ್ಲುಗಳನ್ನು ನೋಡಿರುತ್ತಾರೆ. ತೋಪು ಬಂದೂಕುಗಳಿಗೆ ಬೇಕಾದ ಮದ್ದನ್ನು ಅರೆಯಲು ಅವು ಬಳಕೆಯಾಗುತ್ತಿದ್ದವು. ಅಂದರೆ 1779ರಲ್ಲಿ ಹೈದರಲಿಯು ಈ ಕೋಟೆಯನ್ನು ವಶಪಡಿಸಿಕೊಂಡಾಗ ಎರಡೂ ಕಡೆಯವರಿಗೆ ಮದ್ದಿನ ಶಕ್ತಿ ಚೆನ್ನಾಗಿ ತಿಳಿದಿತ್ತು. ಆದರೂ ಯಾರೂ ಕತ್ತಿಯನ್ನು ಕೆಳಗಿಟ್ಟಿರಲಿಲ್ಲ, ಗರಡಿಯ ಸಾಧನೆಯನ್ನೂ ಬಿಟ್ಟಿರಲಿಲ್ಲ.

ಆ ಮುತ್ತಿಗೆಯ ಕಾಲದ್ದೆಂದು ದುರ್ಗದ ಜನರು ಹೇಳುವ ಓಬವ್ವನ ಕಥೆ ನಮ್ಮ ಮಕ್ಕಳಿಗೂ ಬಾಯಿಪಾಠವಾಗಿದೆ. ಕಿಂಡಿಯಿಂದ ನುಸುಳಿದ ಹೈದರನ ಸೈನಿಕರನ್ನು ಎದುರಿಸಿದ ಆ ಮಹಿಳೆಯ ಕೈಯಲ್ಲಿದ್ದುದು ಮನೆಯ ಒನಕೆ. ದಿನವೂ ಒನಕೆ ಹಿಡಿದು ಕುಟ್ಟಿದ ತೋಳಿಗೆ ಆ ಹೊತ್ತಿನಲ್ಲಿ ಬಲ ಒದಗಿತು. ಯಾವ ಕಡೆಯವರಾದರೂ ಇದರಿಂದ ಪಾಠ ಕಲಿಯಬಹುದು. ಉಪಕರಣದ ಬಲಕ್ಕಿಂತ ಮಿಗಿಲಾಗಿ ಅಭ್ಯಾಸದ ಬಲವೆಂಬುದೊಂದಿದೆ.

ಇಲ್ಲಿ ನಮ್ಮ ಕನ್ನಡ ಭಾಷೆಯೇ ಒಂದು ಸ್ವಾರಸ್ಯವನ್ನು ಕಾಪಾಡಿಕೊಂಡಿದೆ. ಗರಡಿಯ ಸಾಧನೆಗೂ ನಾಟಕದ ಅಭ್ಯಾಸಕ್ಕೂ ಕನ್ನಡಿಗರು 'ತಾಲೀಮು' ಎನ್ನುತ್ತಾರೆ. ಅದು ಅರಬಿಯ 'ತಅ್‌ಲೀಮ್' ಎಂಬ ಪದ. ಕಲಿಸುವುದು ಎಂದು ಅದರ ಅರ್ಥ. 'ಇಲ್ಮ್' ಅಂದರೆ ಜ್ಞಾನ ಎಂಬ ಪದದ ಮೂಲವೂ ಅದೇ. ಮದ್ರಸದ ಗುರುವನ್ನು ನಾವು ಉಸ್ತಾದ್ ಎಂದು ಕರೆದರೆ, ಉತ್ತರ ಕರ್ನಾಟಕದಲ್ಲಿ ಗರಡಿಯ ಗುರುವಿಗೂ ವಸ್ತಾದ ಎನ್ನುತ್ತಾರೆ. ಮೈಗೆ ಕಲಿಸುವುದೂ ಮನಸ್ಸಿಗೆ ಕಲಿಸುವುದೂ ಒಂದೇ ಕುಲದ ಕೆಲಸಗಳೆಂದು ನಮ್ಮ ಹಿರಿಯರು ತಿಳಿದಿದ್ದರು. ಹಿಜರಿ ಎಂಟನೆಯ ಶತಮಾನದ ವಿದ್ವಾಂಸ ಇಮಾಮ್ ಇಬ್ನುಲ್ ಕಯ್ಯಿಮ್(ರ)ರವರು ಅಶ್ವಾರೋಹಣ, ಬಿಲ್ವಿದ್ಯೆ, ಈಟಿ, ಕತ್ತಿಗಳ ಕುರಿತು 'ಅಲ್ ಫುರೂಸಿಯ್ಯ' ಎಂಬ ಗ್ರಂಥವನ್ನೇ ಬರೆದಿದ್ದಾರೆ. ಶೌರ್ಯವು ಎರಡು ವಿಧವೆಂದು ಅವರು ವಿವರಿಸುತ್ತಾರೆ. ಜ್ಞಾನ ಮತ್ತು ವಾದದ ಶೌರ್ಯ ಒಂದಾದರೆ, ಆಯುಧದ ಶೌರ್ಯ ಇನ್ನೊಂದು. ಪ್ರವಾದಿವರ್ಯರ(ಸ) ಕಾಲದಲ್ಲಿ ಅಬಿಸೀನಿಯದವರು ಈದ್ ದಿನ ಮದೀನದ ಮಸೀದಿಯಲ್ಲೇ ಈಟಿಯ ಕೌಶಲವನ್ನು ಪ್ರದರ್ಶಿಸಿದುದನ್ನೂ, ಪ್ರವಾದಿವರ್ಯರು(ಸ) ಹ. ಆಯಿಶಾ(ರ)ರಿಗೆ ಅದನ್ನು ನೋಡಲು ಅನುವು ಮಾಡಿಕೊಟ್ಟುದನ್ನೂ ಹದೀಸ್ ಗ್ರಂಥಗಳು ದಾಖಲಿಸಿವೆ. ಕತ್ತಿಯ ಮಾತೆತ್ತಿದೊಡನೆ ಹುಬ್ಬೇರಿಸುವವರಿಗೆ ಒಂದು ಮಾತು. ಇಲ್ಲಿ ಚರ್ಚೆಗೆ ಬಂದಿರುವುದು ಯಾರನ್ನೋ ಇರಿಯುವ ವಿಷಯವಲ್ಲ, ಕೈಯನ್ನು ಶಿಸ್ತಿಗೆ ತರುವ ವಿಷಯ.

ಮುರಿದ ಸರಪಳಿ

ಯುರೋಪಿನ ಕತ್ತಿವರಸೆಯ ಕಥೆ ನಮಗೊಂದು ಎಚ್ಚರಿಕೆಯಾಗಿದೆ. ಇಂಗ್ಲೆಂಡಿನ ಲೀಡ್ಸ್ ನಗರದ ರಾಯಲ್ ಆರ್ಮರೀಸ್ ಸಂಗ್ರಹಾಲಯದಲ್ಲಿ ಸುಮಾರು ಏಳುನೂರು ವರ್ಷಗಳಷ್ಟು ಹಳೆಯ ಒಂದು ಲ್ಯಾಟಿನ್ ಹಸ್ತಪ್ರತಿಯಿದೆ. ಪಾದ್ರಿಯೊಬ್ಬನು ಶಿಷ್ಯನಿಗೆ ಕತ್ತಿ ಮತ್ತು ಸಣ್ಣ ಗುರಾಣಿಯ ವರಸೆಗಳನ್ನು ಕಲಿಸುವ ಚಿತ್ರಗಳು ಅದರಲ್ಲಿವೆ. ಅಲ್ಲಿಂದ ಮುಂದೆ ಶತಮಾನಗಳ ಕಾಲ ಅನೇಕ ಗುರುಗಳು ಗ್ರಂಥಗಳನ್ನು ಬರೆದರು. ಆದರೆ ಬಂದೂಕು ಬಂದ ಮೇಲೆ ಹಳೆಯ ವರಸೆಗಳನ್ನು ಕೈಯಿಂದ ಕೈಗೆ ಕಲಿಸುವವರು ಒಬ್ಬೊಬ್ಬರಾಗಿ ಇಲ್ಲವಾದರು. ಗ್ರಂಥಗಳು ಉಳಿದವು, ಗುರುಶಿಷ್ಯರ ಸರಪಳಿ ಕಡಿಯಿತು. 19ನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಆಲ್ಫ್ರೆಡ್ ಹಟ್ಟನ್, ಎಗರ್ಟನ್ ಕ್ಯಾಸಲ್ ಮೊದಲಾದವರು ಅದನ್ನು ಎತ್ತಿ ನಿಲ್ಲಿಸಲು ಶ್ರಮಿಸಿದರು. ಇಂದಿನ ಅಭ್ಯಾಸಿಗಳು ಅದೇ ಚಿತ್ರಗಳನ್ನು ನೋಡುತ್ತಾ 'ಕಾಲು ಮೊದಲು ಇಡಬೇಕೇ, ಕೈ ಮೊದಲು ಚಾಚಬೇಕೇ?' ಎಂದು ವರ್ಷಗಟ್ಟಲೆ ತರ್ಕಿಸುತ್ತಿದ್ದಾರೆ. ಒಬ್ಬ ಗುರು ಬದುಕಿದ್ದರೆ ಅರೆಗಳಿಗೆಯಲ್ಲಿ ತೋರಿಸಿಕೊಡುತ್ತಿದ್ದ ವಿಷಯವದು.

ಈಗ ನಮ್ಮ ಕಡೆ ನೋಡಿರಿ. ಅಚ್ಚಾದ ಕುರ್‌ಆನ್ ಇಂದು ಪ್ರತಿಯೊಂದು ಮನೆಯಲ್ಲಿದೆ. ಮೊಬೈಲ್ ಫೋನಿನಲ್ಲೂ ಇದೆ. ಬೇಕಾದ ಸೂಕ್ತವನ್ನು ಯಂತ್ರವು ಹುಡುಕಿಕೊಡುತ್ತದೆ. ಹಾಗಾದರೆ ಹೊಸದುರ್ಗದ ಒಂದು ಮಗು ವರ್ಷಾನುಗಟ್ಟಲೆ ಕುಳಿತು ಅದನ್ನು ಕಂಠಪಾಠ ಮಾಡುವುದೇಕೆ? ಅಕ್ಷರದ ಉಚ್ಚಾರಣೆಯನ್ನು ಉಸ್ತಾದರ ಬಾಯಿ ನೋಡಿ ತಿದ್ದಿಕೊಳ್ಳುವುದೇಕೆ? 'ಪುಸ್ತಕವಿದೆಯಲ್ಲ, ಇನ್ನು ಹಾಫಿಝ್‌ಗಳೇಕೆ?' ಎಂದು ಮುಸ್ಲಿಮ್ ಸಮುದಾಯವು ಎಂದೂ ಕೇಳಲಿಲ್ಲ. ಮುದ್ರಣ ಯಂತ್ರ ಬಂದಾಗಲೂ ಕೇಳಲಿಲ್ಲ, ಧ್ವನಿಸುರುಳಿ ಬಂದಾಗಲೂ ಕೇಳಲಿಲ್ಲ. ದಿವ್ಯ ವಚನವು ಕಪಾಟಿನಲ್ಲಿದ್ದರೆ ಸಾಲದು, ಎದೆಯಲ್ಲಿರಬೇಕು ಎಂಬುದು ನಮ್ಮ ನಿಲುವಾಗಿತ್ತು. ಲೌಕಿಕ ವಿದ್ಯೆಗೆ ಆ ಪಾವಿತ್ರ್ಯವಿಲ್ಲ ನಿಜ. ಆದರೆ ವಿದ್ಯೆಯು ಮನುಷ್ಯನಲ್ಲಿ ನೆಲೆಸಬೇಕು, ಮನುಷ್ಯನಿಂದ ಮನುಷ್ಯನಿಗೆ ದಾಟಬೇಕು ಎಂಬ ವಿವೇಕವು ಎರಡಕ್ಕೂ ಅನ್ವಯಿಸುತ್ತದೆ.

ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಇಂದು ಕಡಿಯುವ ಅಪಾಯದಲ್ಲಿರುವುದು ಈ ಸರಪಳಿಯೇ. ಹೊಸದಾಗಿ ಸೇರಿದ ಯುವಕನು ಸಣ್ಣಪುಟ್ಟ ಕೆಲಸಗಳನ್ನು ಮಾಡುತ್ತಾ, ತಪ್ಪುತ್ತಾ, ಹಿರಿಯರಿಂದ ತಿದ್ದಿಸಿಕೊಳ್ಳುತ್ತಾ ಹತ್ತು ವರ್ಷಗಳಲ್ಲಿ ತಾನೇ ಹಿರಿಯನಾಗುತ್ತಿದ್ದನು. ಆ ಸಣ್ಣಪುಟ್ಟ ಕೆಲಸಗಳನ್ನೇ ಯಂತ್ರವು ಎಲ್ಲಕ್ಕಿಂತ ಮೊದಲು ಕಸಿದುಕೊಳ್ಳುತ್ತದೆ. ಇಂದು ಕಿರಿಯರಿಗೆ ಕಲಿಯುವ ಅವಕಾಶ ಸಿಗದಿದ್ದರೆ ನಾಳೆ ಯಂತ್ರದ ತಪ್ಪನ್ನು ಗುರುತಿಸುವ ಹಿರಿಯರು ಎಲ್ಲಿಂದ ಬರಬೇಕು?

ಹೊಸ ಸಾಧನವು ಶತ್ರುವಲ್ಲ

ಹಾಗಾದರೆ ಯಂತ್ರವನ್ನು ಬಹಿಷ್ಕರಿಸಬೇಕೇ? ಇಸ್ಲಾಮಿನ ಇತಿಹಾಸವು ಹಾಗೆ ಕಲಿಸುವುದಿಲ್ಲ. ಹಿಜರಿ 5ರಲ್ಲಿ, ಅಂದರೆ ಕ್ರಿ.ಶ. 627ರಲ್ಲಿ, ಶತ್ರುಸೈನ್ಯವು ಮದೀನವನ್ನು ಮುತ್ತಲು ಬಂದಾಗ ಪರ್ಶಿಯಾದಿಂದ ಬಂದ ಹ. ಸಲ್ಮಾನ್(ರ)ರು ಕಂದಕ ತೋಡುವ ಸಲಹೆ ಕೊಟ್ಟರು. ಅರಬರಿಗೆ ಅದು ಹೊಸ ತಂತ್ರವಾಗಿತ್ತು. ಪ್ರವಾದಿವರ್ಯರು(ಸ) ಅದನ್ನು ಸ್ವೀಕರಿಸಿದರು. ಅಷ್ಟೇ ಅಲ್ಲ, ಅನುಯಾಯಿಗಳೊಂದಿಗೆ ತಾವೂ ಮಣ್ಣು ಹೊತ್ತರು. ಪರರ ವಿದ್ಯೆಯನ್ನು ಪಡೆಯಲು ಸಂಕೋಚವಿರಲಿಲ್ಲ, ಸ್ವಂತ ಕೈಯಿಂದ ದುಡಿಯಲು ಆಲಸ್ಯವೂ ಇರಲಿಲ್ಲ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ನಮ್ಮ ಚರಿತ್ರೆಯಲ್ಲಿದೆ. ಈಜಿಪ್ಟಿನ ಮಮ್ಲೂಕರು ಕುದುರೆ, ಬಿಲ್ಲು, ಕತ್ತಿಗಳ ವಿದ್ಯೆಯಲ್ಲಿ ಅದ್ವಿತೀಯರಾಗಿದ್ದರು. ಆದರೆ ಬಂದೂಕು ಹಿಡಿಯುವುದು ವೀರನಿಗೆ ಹೇಳಿಸಿದ್ದಲ್ಲ ಎಂಬ ಬಿಗುಮಾನ ಅವರಲ್ಲಿ ಅನೇಕರಿಗಿತ್ತು. 1516ರಲ್ಲಿ ಮರ್ಜ್ ದಾಬಿಕ್‌ನಲ್ಲಿ ಉಸ್ಮಾನಿ ಸುಲ್ತಾನ ಸಲೀಮನ ತೋಪು ಬಂದೂಕುಗಳ ಮುಂದೆ ಅವರು ಸೋತರು. ಮರುವರ್ಷ ಅವರ ರಾಜ್ಯವೇ ಹೋಯಿತು. ನಮ್ಮ ನಾಡಿನ ಟಿಪ್ಪು ಸುಲ್ತಾನನು ಇಂತಹ ತಪ್ಪು ಮಾಡಲಿಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಾವಿಯೊಂದರಿಂದ ಹೊರತೆಗೆದ, ಆ ಕಾಲದ್ದೆಂದು ಗುರುತಿಸಲಾದ ಸಾವಿರಕ್ಕೂ ಮಿಕ್ಕಿದ ಕಬ್ಬಿಣದ ರಾಕೆಟ್ಟುಗಳು ಇದಕ್ಕೆ ಸಾಕ್ಷಿ. ಹಾಗೆಂದು ಅವನು ಕತ್ತಿಯನ್ನು ಮರೆಯಲೂ ಇಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಸ್ವತಃ ಹೋರಾಡುತ್ತಲೇ ಪ್ರಾಣಬಿಟ್ಟನು.

ಆದುದರಿಂದ ಯಂತ್ರವನ್ನು ಬಳಸಲು ಒಪ್ಪದೆ ಕೆಲಸ ಕಳೆದುಕೊಂಡು, ಅದನ್ನೇ ಧರ್ಮನಿಷ್ಠೆ ಎಂದು ಯಾರೂ ಭಾವಿಸಬೇಕಾಗಿಲ್ಲ. ಪ್ರಶ್ನೆಯಿರುವುದು ಬಳಸುವುದರಲ್ಲಲ್ಲ. ಯಂತ್ರಕ್ಕೆ ಏನನ್ನು ಒಪ್ಪಿಸಬಹುದು, ಏನನ್ನು ಒಪ್ಪಿಸಬಾರದು ಎಂಬುದರಲ್ಲಿದೆ.

ಕೈಗೆ ಕಲಿಸುವುದೆಂದರೇನು?

ಮಮ್ಲೂಕರ ತರಬೇತಿ ಗ್ರಂಥಗಳಲ್ಲಿ ಕತ್ತಿಯ ಅಭ್ಯಾಸದ ವರ್ಣನೆಯಿದೆ. ಕಲಿಯುವವನು ಮೊದಲು ಜೇಡಿಮಣ್ಣಿನ ಮುದ್ದೆಯ ಮೇಲೆ ಏಟು ಹೊಡೆಯಬೇಕು. ದಿನದಿನವೂ ಏಟುಗಳ ಸಂಖ್ಯೆ ಹೆಚ್ಚಬೇಕು. ಕೈಗೆ ಬಲ ಬಂದ ಮೇಲೆ ಮುಂದಿನ ಪಾಠ. ಒಂದರ ಮೇಲೊಂದು ಕಾಗದದ ಹಾಳೆಗಳನ್ನು ಜೋಡಿಸಿಟ್ಟು, ಇಷ್ಟೇ ಹಾಳೆಗಳು ಕತ್ತರಿಸಬೇಕು, ಅದರ ಕೆಳಗಿನದಕ್ಕೆ ತಾಗಬಾರದು. ಹೊಡೆಯುವುದನ್ನು ಕಲಿಯುವುದು ವಿದ್ಯೆಯ ಅರ್ಧಭಾಗ ಮಾತ್ರ, ನಿಲ್ಲಿಸುವುದನ್ನು ಕಲಿಯುವುದು ಉಳಿದರ್ಧ.

ಮೌಲಾನಾ ರೂಮಿಯವರು ತಮ್ಮ ಮಸ್ನವಿಯಲ್ಲಿ ಹ. ಅಲೀ(ರ)ರ ಕುರಿತು ಒಂದು ಕಥೆ ಹೇಳುತ್ತಾರೆ. ಯುದ್ಧದಲ್ಲಿ ಕೈಗೆ ಸಿಕ್ಕಿದ ಶತ್ರುವನ್ನು ಅವರು ಇನ್ನೇನು ಕೊಲ್ಲಬೇಕೆನ್ನುವಾಗ ಆತನು ಅವರ ಮುಖಕ್ಕೆ ಉಗುಳಿದನು. ತಕ್ಷಣ ಅವರು ಕತ್ತಿಯನ್ನು ಬದಿಗಿಟ್ಟರು. ಅಲ್ಲಾಹನಿಗಾಗಿ ನಡೆಯುತ್ತಿದ್ದ ಹೋರಾಟದಲ್ಲಿ ತಮ್ಮ ಸ್ವಂತ ಕೋಪವು ಸೇರಿಬಿಟ್ಟಿತೆಂಬುದೇ ಅದಕ್ಕೆ ಕಾರಣ. ಕತ್ತಿಗೆ ಹರಿತವಿರಬಹುದು, ಸಂಕಲ್ಪವಿಲ್ಲ. ಯಂತ್ರಕ್ಕೆ ವೇಗವಿರಬಹುದು, ಅದಕ್ಕೂ ನಿಯ್ಯತ್ ಎಂಬುದಿಲ್ಲ. 'ಇದು ಸರಿಯಲ್ಲ, ನಿಲ್ಲಿಸು' ಎಂದು ಅಂತರಂಗದಿಂದ ಹೇಳುವ ಶಕ್ತಿಯನ್ನು ಅಲ್ಲಾಹನು ಮನುಷ್ಯನ ಹೃದಯಕ್ಕೆ ಕೊಟ್ಟಿದ್ದಾನೆ. ಆದರೆ ಕೆಲಸವನ್ನೇ ತಿಳಿಯದವನು ಅದನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಗೆ ಹೇಳಿಯಾನು?

ನಮಗೆ ತಿಳಿದಿದೆ ಎಂಬ ಭಾವನೆಯೂ ಕೆಲವೊಮ್ಮೆ ಮೋಸಗೊಳಿಸುತ್ತದೆ. 2025ರಲ್ಲಿ ಅಮೆರಿಕದ ಮೆಟರ್ ಎಂಬ ಸಂಶೋಧನಾ ಸಂಸ್ಥೆಯು 16 ಮಂದಿ ಅನುಭವಿ ಪ್ರೋಗ್ರಾಮರುಗಳಿಗೆ ಅವರಿಗೆ ಚೆನ್ನಾಗಿ ಪರಿಚಯವಿದ್ದ 246 ಕೆಲಸಗಳನ್ನು ಕೊಟ್ಟು ಪರೀಕ್ಷಿಸಿತು. ಕೆಲವಕ್ಕೆ ಕೃತಕ ಬುದ್ಧಿಯ ನೆರವು ಪಡೆಯಬಹುದಿತ್ತು, ಕೆಲವಕ್ಕೆ ಪಡೆಯುವಂತಿರಲಿಲ್ಲ. ನೆರವು ಪಡೆದ ಕೆಲಸಗಳಿಗೆ ಶೇಕಡಾ 19ರಷ್ಟು ಹೆಚ್ಚು ಸಮಯ ಹಿಡಿಯಿತು. ಆದರೆ ತಾವು ಶೇಕಡಾ 20ರಷ್ಟು ಬೇಗ ಮುಗಿಸಿದೆವೆಂದು ಆ ಪ್ರೋಗ್ರಾಮರುಗಳು ನಂಬಿದ್ದರು! ಯಂತ್ರಗಳು ಇನ್ನೂ ಸುಧಾರಿಸುತ್ತಿರುವುದರಿಂದ ಈ ಲೆಕ್ಕ ಮುಂದೆ ಬದಲಾಗಬಹುದು. ಆದರೆ ತನ್ನ ಕೆಲಸದ ಬಗ್ಗೆ ಮನುಷ್ಯನು ಎಷ್ಟು ಸುಲಭವಾಗಿ ತಪ್ಪು ಭಾವಿಸಬಲ್ಲನೆಂಬ ಪಾಠ ಬದಲಾಗದು.

ಉತ್ತರ ಹೇಳಬೇಕಾದವರು ಯಾರು?

2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದರಲ್ಲಿ ಇಬ್ಬರು ವಕೀಲರು ತಮ್ಮ ವಾದಕ್ಕೆ ಹಲವು ಹಳೆಯ ತೀರ್ಪುಗಳನ್ನು ಆಧಾರವಾಗಿ ಕೊಟ್ಟರು. ಹುಡುಕಿ ನೋಡಿದರೆ ಅಂತಹ ತೀರ್ಪುಗಳೇ ಇರಲಿಲ್ಲ. ಚಾಟ್‌ಜಿಪಿಟಿ ಅವುಗಳನ್ನು ಕಲ್ಪಿಸಿ ಕೊಟ್ಟಿತ್ತು. ನ್ಯಾಯಾಧೀಶರು 5 ಸಾವಿರ ಡಾಲರ್ ದಂಡ ವಿಧಿಸಿದರು. ದಂಡ ತೆತ್ತದ್ದು ಯಂತ್ರವಲ್ಲ, ಸಹಿ ಹಾಕಿದ ಮನುಷ್ಯರು.

ಹದೀಸ್ ವಿಜ್ಞಾನದ ಪರಿಚಯವಿರುವವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಕೇಳಲು ಎಷ್ಟೇ ಸುಂದರವಾದ ಮಾತಾದರೂ 'ಇದನ್ನು ಯಾರಿಂದ ಕೇಳಿದಿರಿ? ಅವರು ಯಾರಿಂದ ಕೇಳಿದರು?' ಎಂದು ವಿಚಾರಿಸದೆ ನಮ್ಮ ಮುಹದ್ದಿಸ್‌ಗಳು ಸ್ವೀಕರಿಸುತ್ತಿರಲಿಲ್ಲ. ವರದಿಗಾರನ ಸತ್ಯಸಂಧತೆ, ಸ್ಮರಣಶಕ್ತಿಗಳನ್ನು ಅವರು ತೂಗಿ ನೋಡುತ್ತಿದ್ದರು. ಯಂತ್ರವು ಸತ್ಯವನ್ನೂ ಸುಳ್ಳನ್ನೂ ಒಂದೇ ಧಾಟಿಯಲ್ಲಿ, ಒಂದೇ ವಿಶ್ವಾಸದಿಂದ ಹೇಳುತ್ತದೆ. ಆದ್ದರಿಂದ ಯಂತ್ರವು ಕೊಟ್ಟ 'ಹದೀಸ್'ಅನ್ನು ಪರಿಶೀಲಿಸದೆ ವಾಟ್ಸ್‌ಆ್ಯಪ್‌ನಲ್ಲಿ ಹಂಚುವವನೂ, ಯಂತ್ರವು ಬರೆದ ಪ್ರೋಗ್ರಾಮನ್ನು ಓದಿ ಅರ್ಥಮಾಡಿಕೊಳ್ಳದೆ 'ನಾನು ನೋಡಿದ್ದೇನೆ, ಸರಿಯಿದೆ' ಎಂದು ಒಪ್ಪಿಸುವವನೂ ಒಂದೇ ತಪ್ಪನ್ನು ಮಾಡುತ್ತಾರೆ. ತಿಳಿಯದುದಕ್ಕೆ ಸಾಕ್ಷಿ ಹೇಳುವುದೇ ಆ ತಪ್ಪು. ಆ ಪ್ರೋಗ್ರಾಮು ಆಸ್ಪತ್ರೆಯಲ್ಲಿ ಔಷಧದ ಲೆಕ್ಕ ಇಡಬಹುದು, ಬ್ಯಾಂಕಿನಲ್ಲಿ ವಿಧವೆಯೊಬ್ಬಳ ಪಿಂಚಣಿಯ ಲೆಕ್ಕ ಇಡಬಹುದು. ಅದು ತಪ್ಪಿದರೆ ನಷ್ಟವಾಗುವುದು ಜೀವವಿರುವ ಮನುಷ್ಯರಿಗೆ. ಕೈಗೊಪ್ಪಿಸಿದ ಕೆಲಸ ಅಮಾನತ್ತು. ನಾಳೆ ಅಲ್ಲಾಹನ ಸನ್ನಿಧಿಯಲ್ಲಿ 'ಯಂತ್ರವು ಹಾಗೆ ಹೇಳಿತ್ತು' ಎಂಬ ಉತ್ತರ ಸಲ್ಲುವುದೇ?

ಎಲ್ಲವನ್ನೂ ಎಲ್ಲರೂ ಕಲಿಯಬೇಕೇ?

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ಕಾಲ ಬದಲಾದಂತೆ ಎಷ್ಟೋ ಕಸುಬುಗಳು ಮರೆಯಾಗಿವೆ. ಅವುಗಳನ್ನೆಲ್ಲ ಉಳಿಸಲು ಸಾಧ್ಯವೇ, ಉಳಿಸಬೇಕೇ? ಖಂಡಿತ ಬೇಕಾಗಿಲ್ಲ. ಬರಿಯ ಶ್ರಮವನ್ನು ಯಂತ್ರವು ಹಗುರಗೊಳಿಸಿದರೆ ಅದು ಅಲ್ಲಾಹನ ಅನುಗ್ರಹ. ಆದರೆ ಸರಿತಪ್ಪುಗಳನ್ನು ತೀರ್ಮಾನಿಸಲು ಬೇಕಾದ ವಿದ್ಯೆಯ ವಿಷಯ ಬೇರೆ. ಇಮಾಮ್ ಗಝ್ಝಾಲಿ(ರ)ಯವರು 'ಇಹ್ಯಾ ಉಲೂಮುದ್ದೀನ್'ನಲ್ಲಿ ವೈದ್ಯ, ಗಣಿತಗಳನ್ನು ಮಾತ್ರವಲ್ಲ, ಬೇಸಾಯ, ನೇಯ್ಗೆಗಳನ್ನೂ ಫರ್ಝ್ ಕಿಫಾಯ ಎಂದು ಎಣಿಸಿದ್ದಾರೆ. ಅಂದರೆ ಸಮುದಾಯದಲ್ಲಿ ಕೆಲವರಾದರೂ ಅದನ್ನು ಬಲ್ಲವರಿರಬೇಕು. ಒಬ್ಬರೂ ಇಲ್ಲವಾದರೆ ಎಲ್ಲರೂ ಹೊಣೆಗಾರರು. ಲೋಕವ್ಯವಹಾರವೆಲ್ಲ ಕಂಪ್ಯೂಟರಿನ ಮೇಲೆ ನಿಂತಿರುವಾಗ ಅದರ ಒಳಗನ್ನು ಬಲ್ಲ, ಯಂತ್ರದ ತಪ್ಪನ್ನು ಹಿಡಿಯಬಲ್ಲ ಮನುಷ್ಯರು ಇರುವುದೂ ಇಂತಹದೇ ಒಂದು ಸಾಮೂಹಿಕ ಹೊಣೆಯೆಂದು ಏಕೆ ತಿಳಿಯಬಾರದು?

ಹಿರಿಯೂರಿನವರಿಗೆ ಇದನ್ನು ಅವರ ವಾಣಿವಿಲಾಸ ಸಾಗರದಿಂದಲೇ ವಿವರಿಸಬಹುದು. 1907ರಲ್ಲಿ ಪೂರ್ಣಗೊಂಡ ಆ ಜಲಾಶಯವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷಗಳಲ್ಲಿ ಒಂದಿಡೀ ಪೀಳಿಗೆ ಕೋಡಿಯಲ್ಲಿ ನೀರು ಹರಿದುದನ್ನು ಕಾಣಲಿಲ್ಲ. ಹಾಗೆಂದು ಬಳಕೆಯಿಲ್ಲವೆಂದು ಅದನ್ನು ಮುಚ್ಚಿಬಿಟ್ಟಿದ್ದರೆ 2022ರಲ್ಲಿ ಕಟ್ಟೆಯ ಗತಿಯೇನಾಗುತ್ತಿತ್ತು? ಮನುಷ್ಯನ ಸ್ವಂತ ವಿದ್ಯೆಯೂ ಹೀಗೆಯೇ. ದಿನವೂ ಅದರ ಅಗತ್ಯ ಬೀಳದಿರಬಹುದು. ಬಿದ್ದ ದಿನ ಅದು ಇರಲೇಬೇಕು.

ನಾವು ಮಾಡಬೇಕಾದುದು

ಉದ್ಯೋಗದಲ್ಲಿರುವ ಯುವಕ ಯುವತಿಯರೇ, ಮೇಲಧಿಕಾರಿಗೆ ವೇಗ ಬೇಕು, ಯಂತ್ರವನ್ನು ಬಳಸದಿದ್ದರೆ ನೀವು ಹಿಂದೆ ಬೀಳುತ್ತೀರಿ ಎಂಬುದು ನಿಜ. ಬಳಸಿರಿ. ಆದರೆ ದಿನದಲ್ಲಿ ಸ್ವಲ್ಪ ಹೊತ್ತನ್ನಾದರೂ ನಿಮ್ಮ ತಾಲೀಮಿಗೆ ಮೀಸಲಿಡಿರಿ. ಯಂತ್ರದ ನೆರವಿಲ್ಲದೆ ಒಂದು ಸಮಸ್ಯೆಯನ್ನು ಬಿಡಿಸಿರಿ. ಅರ್ಥವಾಗದ ಒಂದು ಸಾಲನ್ನೂ ನಿಮ್ಮ ಹೆಸರಿನಲ್ಲಿ ಒಪ್ಪಿಸಬೇಡಿರಿ. ಯಂತ್ರವು ಬರೆದುದನ್ನು ನಾನೇ ಬರೆದೆನೆಂದು ಹೇಳಬೇಡಿರಿ. ನೀವು ಹಿರಿಯರಾಗಿದ್ದರೆ ನಿಮ್ಮ ಕೈಕೆಳಗಿನ ಕಿರಿಯನಿಗೆ ಕಲಿಸಲು ಸಮಯ ಕೊಡಿರಿ. ಅದರಿಂದ ಕೆಲಸ ತುಸು ತಡವಾಗಬಹುದು, ಸರಪಳಿ ಉಳಿಯುತ್ತದೆ.

ಹೆತ್ತವರೇ, ಮಗನ ಕೆಲಸ ಹೋಯಿತೆಂದು ಮನೆಯಲ್ಲಿ ಅವನನ್ನು ಕುಗ್ಗಿಸಬೇಡಿರಿ. ಅನ್ನದಾತನು ಕಂಪೆನಿಯಲ್ಲ, ಅಲ್ಲಾಹನು. ಊರಿಗೆ ಮರಳಿದವನನ್ನು ಸೋತವನೆಂದು ಕಾಣಬೇಡಿರಿ. ಅವನು ಕಲಿತುದನ್ನು ಯಾವ ಕಂಪೆನಿಯೂ ಅವನಿಂದ ಹಿಂದಕ್ಕೆ ಪಡೆಯಲಾರದು. ಪ್ರವಾದಿ ದಾವೂದ್(ಅ)ರಿಗೆ ಅಲ್ಲಾಹನು ಕಬ್ಬಿಣವನ್ನು ಮೃದುಗೊಳಿಸಿ ಕೊಟ್ಟನೆಂದೂ, ಕವಚದ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಹೆಣೆಯಲು ಆದೇಶಿಸಿದನೆಂದೂ ಪವಿತ್ರ ಕುರ್‌ಆನ್ ತಿಳಿಸುತ್ತದೆ. ಕಬ್ಬಿಣವು ಮೆತ್ತಗಾದ ಮೇಲೂ ಅಳತೆಯ ಹೊಣೆ ಪ್ರವಾದಿಯ ಮೇಲೆಯೇ ಇತ್ತೆಂಬುದನ್ನು ಗಮನಿಸಿರಿ. ಇಂದು ನಮ್ಮ ಮಕ್ಕಳ ಪಾಲಿಗೂ ಒಂದು ಬಗೆಯ ಕಬ್ಬಿಣ ಮೆತ್ತಗಾಗಿದೆ. ಅಳತೆ ಮಾಡುವ ಕೆಲಸ ಅವರಿಗೇ ಉಳಿದಿದೆ.

ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತವಾದ ಜ್ಞಾನವನ್ನೂ ಹಲಾಲಾದ ಜೀವನೋಪಾಯವನ್ನೂ, ಕೈಗೊಂಡ ಕೆಲಸಕ್ಕೆ ಉತ್ತರ ಹೇಳುವ ಪ್ರಾಮಾಣಿಕತೆಯನ್ನೂ ಕರುಣಿಸಲಿ. ಆಮೀನ್.